ತಿಂಗಳ ಎರಡನೆಯ ಭಾನುವಾರದ ಕೆರೆ ನಡಿಗೆ: ಒಂದು ವರ್ಷ ಜೊತೆಗಿದ್ದವಳ ಅಭಿಪ್ರಾಯ

ಮೈಸೂರಿನಲ್ಲಿ ಹಕ್ಕಿ ನೋಡುವವರ ಸಣ್ಣ ಬಳಗವೊಂದಿದೆ. ತಿಂಗಳ ಎರಡನೆಯ ಭಾನುವಾರ ಯಾವುದಾದರೂ ಕೆರೆಗೆ ಕರೆದುಕೊಂಡು ಹೋಗುತ್ತಾರೆ. ವರ್ಷಕ್ಕೆ 200 ರೂಪಾಯಿ ಚಂದಾ, ಮಕ್ಕಳಿಗೆ ಅದೂ ಇಲ್ಲ. ಕಳೆದ ಒಂದು ವರ್ಷದಲ್ಲಿ ನಾನು ಹತ್ತು ನಡಿಗೆಗಳಿಗೆ ಹೋಗಿ ಬಂದಿದ್ದೇನೆ. ಬಳಗದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹಿಂದೊಮ್ಮೆ ಯಾರೋ ವಿಡಿಯೊ ಹಂಚಿದ್ದರಿಂದ ಮುಂದಿನ ನಡಿಗೆಗೆ ಎಪ್ಪತ್ತು ಜನ ಬಂದರಂತೆ. ಗದ್ದಲಕ್ಕೆ ಗೂಡಿನಲ್ಲಿದ್ದ ಹಕ್ಕಿಗಳೂ ಎದ್ದು ಹೋದವಂತೆ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಬೇಕೆನಿಸಿದವರು ಆ ಭಾನುವಾರ ಬೆಳಿಗ್ಗೆ ಆರೂಕಾಲಕ್ಕೆ ಕುಕ್ಕರಹಳ್ಳಿ ಕೆರೆಯ ಬಾಗಿಲಿಗೆ ಬನ್ನಿ. ಕೊರಳಿಗೆ ದುರ್ಬೀನು ಹಾಕಿಕೊಂಡು ಮೆಲುದನಿಯಲ್ಲಿ ಮಾತನಾಡುತ್ತಿರುವವರೇ ಅವರು.

ನಾನು ಮಂಡ್ಯದ ಸಹಕಾರ ಸಂಘವೊಂದರಲ್ಲಿ 22 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಮನೆ ಕುವೆಂಪುನಗರದಲ್ಲಿ, ಓಡಾಟ ರೈಲಿನಲ್ಲಿ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಾಟುವಾಗ ಬಂಡೆಗಳ ಮೇಲೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವ ಕಪ್ಪು ಹಕ್ಕಿಗಳನ್ನು ದಿನವೂ ನೋಡುತ್ತಿದ್ದೆ. ನೀರುಕಾಗೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಮೊದಲ ನಡಿಗೆಯಲ್ಲಿ ಬಳಗದ ಅಧ್ಯಕ್ಷರು ಟೆಲಿಸ್ಕೋಪನ್ನು ಒಂದು ಒಣಮರದ ಕಡೆಗೆ ತಿರುಗಿಸಿ, "ಆ ಕೊಂಬೆಯಲ್ಲಿರುವ ಎರಡೂ ಒಂದೇ ಜಾತಿಯವೇ, ನೋಡಿ ಹೇಳಿ" ಎಂದರು. ಒಂದರ ಕೊಕ್ಕು ಮೋಟು, ಮೈ ಚಿಕ್ಕದು. ಇನ್ನೊಂದು ತುಸು ದೊಡ್ಡದು. ಉದ್ದನೆಯ ತೆಳು ಕೊಕ್ಕು, ತುದಿಯಲ್ಲಿ ಕೊಂಡಿ. ಅದು ತಲೆ ತಿರುಗಿಸಿದಾಗ ಕಣ್ಣು ಕಂಡಿತು: ಹಸಿರು ಬೆರೆತ ನೀಲಿ, ಬಳೆಯ ಗಾಜಿನ ಬಣ್ಣ. ಇಪ್ಪತ್ತೆರಡು ವರ್ಷ ಕಿಟಕಿಯ ಪಕ್ಕ ಕೂತರೂ ನನಗೆ ಕಾಣದಿದ್ದ ಕಣ್ಣು ಅದು. ಅಷ್ಟರಲ್ಲಿ ನೀರಿನಿಂದ ಬರೀ ಕತ್ತೊಂದು ಮೇಲೆದ್ದು ಹಾವಿನಂತೆ ಸರಿಯಿತು. ಮೈಯೆಲ್ಲ ನೀರೊಳಗೆ. "ಹಾವಕ್ಕಿ" ಎಂದರು. ಹೆಸರಿಗೆ ಬೇರೆ ವಿವರಣೆಯೇ ಬೇಕಾಗಲಿಲ್ಲ.

ಬಳಗವನ್ನು ನಡೆಸುವವರು ಮೂವರು. ಅಧ್ಯಕ್ಷರು ನಿವೃತ್ತ ಜೀವಶಾಸ್ತ್ರ ಮೇಷ್ಟರು, ವಯಸ್ಸು 67. ಕಾರ್ಯದರ್ಶಿ ಹೊಲಿಗೆ ಅಂಗಡಿ ಇಟ್ಟಿರುವ ಹೆಣ್ಣುಮಗಳು. ಮೂರನೆಯವರು ಬೈಕ್ ರಿಪೇರಿ ಮಾಡುತ್ತಾರೆ. ಹಕ್ಕಿ ಕಣ್ಣಿಗೆ ಬೀಳುವ ಮೊದಲೇ ದನಿ ಕೇಳಿ ಹೆಸರು ಹೇಳುವವರು ಅವರೇ. ಮೂವರಿಗೂ ಸಂಬಳವಿಲ್ಲ, ಗೌರವಧನವೂ ಇಲ್ಲ.

ನನಗೆ ಅವರ ಮೇಲೆ ವಿಶ್ವಾಸ ಮೂಡಿದ್ದು ಜನವರಿಯ ಎಣಿಕೆಯಲ್ಲಿ. ಏಷ್ಯಾದ ಹಲವು ದೇಶಗಳಲ್ಲಿ ನೀರುಹಕ್ಕಿಗಳನ್ನು ಪ್ರತಿ ಜನವರಿಯಲ್ಲಿ ಎಣಿಸುತ್ತಾರೆ. 1987ರಿಂದ ನಡೆದು ಬಂದ ಕೆಲಸವಿದು, ಬಹುಪಾಲು ಸ್ವಯಂಸೇವಕರದ್ದೇ. ನಮ್ಮ ತಂಡ ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಹೋಯಿತು. ಮಂಗೋಲಿಯ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಚಳಿಗಾಲಕ್ಕೆ ಇಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ನೀರಿನ ನಡುವೆ ಗುಂಪಾಗಿದ್ದವು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಶಾಲೆಯ ಹುಡುಗಿ ಬೈತಲೆಗೆ ಅಡ್ಡವಾಗಿ ಎರಡು ಪಿನ್ನು ಸಿಕ್ಕಿಸಿಕೊಂಡ ಹಾಗೆ. ನಾನು ಒಮ್ಮೆ ಕಣ್ಣಾಡಿಸಿ "ಸುಮಾರು ಇನ್ನೂರು" ಎಂದೆ. ಕಾರ್ಯದರ್ಶಿ ಪೆನ್ಸಿಲ್ ಎತ್ತಲಿಲ್ಲ. "ಅಂದಾಜು ಆಮೇಲೆ. ಮೊದಲು ಹತ್ತನ್ನು ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಿಗೆ ಹಿಡಿಸಿಕೊಳ್ಳಿ. ಆಮೇಲೆ ಅಂಥ ತುಂಡು ಎಷ್ಟಿವೆ ನೋಡಿ" ಎಂದರು. ಎರಡು ಸಲ ಎಣಿಸಿದೆ. ನೂರಮೂವತ್ತು ದಾಟಲಿಲ್ಲ. ಜೊಂಡಿನ ಹಿಂದೆಯೂ ಇರಬಹುದಲ್ಲ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು: "ಇರಬಹುದು. ನಾವು ಕಂಡದ್ದನ್ನು ಮಾತ್ರ ಬರೆಯುತ್ತೇವೆ." ಲೆಕ್ಕದವಳಾದ ನನಗೆ ಆ ಮಾತು ನೇರ ಎದೆಗೆ ಇಳಿಯಿತು.

ಎಣಿಸಿ ಏನಾಗುತ್ತದೆ ಎಂದು ನಮ್ಮ ಮನೆಯಲ್ಲಿ ಕೇಳಿದರು. ಹಿಂತಿರುಗುವಾಗ ಅಧ್ಯಕ್ಷರು ವಿವರಿಸಿದ್ದನ್ನೇ ಮನೆಯವರಿಗೆ ಹೇಳಿದೆ. ಒಂದು ಜಾತಿಯ ನೀರುಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ಶೇಕಡಾ ಒಂದರಷ್ಟು ವರ್ಷ ವರ್ಷವೂ ಒಂದೇ ಜಾಗಕ್ಕೆ ಬರುತ್ತವೆ ಎಂದು ತೋರಿಸಿದರೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಲು ಅದೂ ಒಂದು ಅರ್ಹತೆ. ತೋರಿಸುವುದಕ್ಕೆ ವರ್ಷಗಟ್ಟಲೆ ಪುಸ್ತಕದಲ್ಲಿ ಬರೆದಿಟ್ಟಿರಬೇಕು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ಪಕ್ಷಿಧಾಮವಾದ ನಮ್ಮ ರಂಗನತಿಟ್ಟು 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣವಾಯಿತು. ಮನೆಯವರು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಮಾರ್ಚಿಯಲ್ಲಿ ವ್ಯಾನ್ ಮಾಡಿಕೊಂಡು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಊರ ನಡುವಿನ ಹುಣಸೆಮರಗಳ ತುಂಬ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ. ಕೆಳಗೆ ದನ ಕಟ್ಟಿದ್ದಾರೆ, ಮೇಲೆ ಮರಿಗಳ ಕಿರುಚಾಟ, ಮೀನಿನ ವಾಸನೆ. ಹುಣಸೆ ಬಡಿಯುವ ಕಾಲವೂ ಗೂಡಿನ ಕಾಲವೂ ಒಂದೇ ಆದ್ದರಿಂದ ಮರದ ಯಜಮಾನರಿಗೆ ಫಸಲು ನಷ್ಟ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಈ ಹಕ್ಕಿಗಳನ್ನು ಕರೆಯುತ್ತಾರೆಂದು ಕೇಳಿದ್ದೆ. ಅಂಗಳ ಗುಡಿಸುತ್ತಿದ್ದ ಅಜ್ಜಿಯೊಬ್ಬರ ಬಾಯಲ್ಲಿ ಅದನ್ನೇ ಕೇಳಿದಾಗ ಗಂಟಲು ಕಟ್ಟಿತು. ಇಲ್ಲಿನ ಯುವಕರೇ ಕಟ್ಟಿಕೊಂಡ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವ ಕೆಲಸ ಮಾಡುತ್ತಾ ಬಂದಿದೆ. ನಮ್ಮ ಅಧ್ಯಕ್ಷರು ಅಲ್ಲಿ ಒಂದು ಮಾತನ್ನೂ ಆಡದೆ, ಊರಿನವರೇ ಹೇಳಲಿ ಎಂದು ಹಿಂದೆ ಸರಿದು ನಿಂತರು. ಮುಂದಾಳು ಹಾಗೆ ಹಿಂದೆ ಸರಿಯುವುದನ್ನು ನಾನು ಬೇರೆಲ್ಲೂ ಹೆಚ್ಚಾಗಿ ಕಂಡಿಲ್ಲ.

ವಾರ್ಷಿಕ ಸಭೆ ಏಪ್ರಿಲ್‌ನಲ್ಲಿ, ಶಾಲೆಯೊಂದರ ಕೊಠಡಿಯಲ್ಲಿ ನಡೆಯಿತು. ಲೆಕ್ಕವನ್ನು ಪೈಸೆ ಬಿಡದೆ ಓದಿದರು. 57 ಸದಸ್ಯರಿಂದ ಬಂದ ಚಂದಾ 11,400 ರೂಪಾಯಿ. ಬೆಳ್ಳೂರಿನ ವ್ಯಾನ್ ಬಾಡಿಗೆ 4,500, ಮಕ್ಕಳ ಕಿರುಹೊತ್ತಗೆಯ ಮುದ್ರಣ 3,500, ಜೆರಾಕ್ಸ್ ಮತ್ತು ಅಂಚೆ 2,115, ದುರ್ಬೀನಿನ ರಿಪೇರಿ 850. ಉಳಿಕೆ 435. ಪ್ರತಿಯೊಂದಕ್ಕೂ ರಸೀದಿ ಇತ್ತು. ಒಂದೊಂದನ್ನೂ ತಿರುವಿ ನೋಡಿದೆ. ಆದರೆ ಆ ಪುಸ್ತಕದಲ್ಲಿ ಪೆಟ್ರೋಲ್ ಎಂಬ ಬಾಬತ್ತೇ ಇರಲಿಲ್ಲ. ಎಣಿಕೆಗೆ ಮೊದಲು ಹೆಬ್ಬಾತುಗಳು ಎಲ್ಲಿ ಇಳಿಯುತ್ತವೆ ಎಂದು ನೋಡಲು ಅಧ್ಯಕ್ಷರು ಹದಿನಾರಿಗೆ ಮೂರು ಸಲ ಸ್ಕೂಟರಿನಲ್ಲಿ ಹೋಗಿದ್ದು ನನಗೆ ಗೊತ್ತು. ಫೋನ್ ಖರ್ಚಿಲ್ಲ, ಫ್ಲಾಸ್ಕಿನಲ್ಲಿ ತರುತ್ತಿದ್ದ ಕಾಫಿಯೂ ಇಲ್ಲ. ಕಾರ್ಯದರ್ಶಿಯನ್ನು ಕೇಳಿದೆ. "ಅದು ಬರೆಯುವಂಥದ್ದಲ್ಲ, ಬಿಡಿ" ಎಂದು ಬೇರೆ ಕಡತವೊಂದನ್ನು ತೆರೆದರು.

ಆ ಕಡತವನ್ನು ನೋಡಿದ ಮೇಲೆ ಈ ಅಭಿಪ್ರಾಯ ಬರೆಯಲೇಬೇಕು ಎನ್ನಿಸಿತು. ಕೆರೆಯೊಂದಕ್ಕೆ ಹರಿಯುವ ಕೊಳಚೆ ನೀರಿನ ಬಗ್ಗೆ ಹದಿನಾಲ್ಕು ತಿಂಗಳಲ್ಲಿ ಹತ್ತು ಪತ್ರಗಳು. ಪ್ರತಿಯೊಂದರ ನಕಲಿನ ಮೇಲೂ ಕಚೇರಿಯ ಸ್ವೀಕೃತಿ ಮುದ್ರೆ, ದಿನಾಂಕ. ದುಂಡನೆಯ ಕೈಬರಹ, ಏಳನೆಯ ಪತ್ರದ ಅಂಚಿಗೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಪುಡಿ ಹತ್ತಿತ್ತು. ಅಂಗಡಿಯಲ್ಲಿ ಎರಡು ರವಿಕೆಗಳ ನಡುವೆ ಕೂತು ಬರೆದಿರಬೇಕು. ಹತ್ತನೆಯ ಪತ್ರದ ನಂತರ ಮೋರಿಯ ಬಾಯಿಗೆ ಜಾಲರಿ ಬಂತು, ಪ್ಲಾಸ್ಟಿಕ್ ನಿಂತಿತು. ಕೊಳಚೆ ನೀರು ಇನ್ನೂ ನಿಂತಿಲ್ಲ. ಹನ್ನೊಂದನೆಯ ಪತ್ರ ಬರೆಯುತ್ತಿದ್ದಾರೆ.

ಕೊರತೆಗಳಿವೆ, ಅವನ್ನೂ ಹೇಳಬೇಕು. ನಡಿಗೆ ಎಲ್ಲಿಗೆ ಎಂಬ ಸಂದೇಶ ಹಿಂದಿನ ರಾತ್ರಿ ಹತ್ತರ ಮೇಲೆ ಬರುತ್ತದೆ. ಅಕ್ಟೋಬರಿನಲ್ಲಿ ಮಳೆಯೆಂದು ರದ್ದಾದದ್ದು ತಿಳಿಯದೆ ಅರ್ಧ ಗಂಟೆ ಕೊಡೆ ಹಿಡಿದು ಒಬ್ಬಳೇ ಕಾದೆ. ಹದಿನಾಲ್ಕು ಜನರಿಗೆ ಮೂರೇ ದುರ್ಬೀನು. ನನ್ನ ಸರದಿ ಬರುವಷ್ಟರಲ್ಲಿ ಮಿಂಚುಳ್ಳಿ ಹಾರಿ ಹೋಗಿರುತ್ತದೆ. ದೂರದ ಕೆರೆಗಳಿಗೆ ಹೋದಾಗ ಹೆಂಗಸರಿಗೆ ಶೌಚಾಲಯ ಎಲ್ಲಿ ಎಂದು ಮೊದಲೇ ವಿಚಾರಿಸಿರುವುದಿಲ್ಲ. ಇದನ್ನು ಹೇಳಿದಾಗ ಕಾರ್ಯದರ್ಶಿ ಡೈರಿಯಲ್ಲಿ ಬರೆದುಕೊಂಡರು, ಮುಂದಿನ ಸಲ ಹತ್ತಿರದ ಶಾಲೆಯ ಬೀಗದ ಕೈ ಕೇಳಿ ತಂದಿದ್ದರು. ನನ್ನ ನಿಜವಾದ ಚಿಂತೆ ಬೇರೆ. ಸಮಿತಿಯಲ್ಲಿ ನಲವತ್ತು ವರ್ಷದೊಳಗಿನವರು ಒಬ್ಬರೂ ಇಲ್ಲ. ಫೋಟೊ ತೆಗೆಯಲು ಬರುವ ಹುಡುಗರು ಬಹಳ ಮಂದಿ, ಪತ್ರದ ಕಡತ ಹಿಡಿಯುವವರಿಲ್ಲ. ಮೇಷ್ಟರಿಗೆ ಈಗ ಎತ್ತರದ ದನಿಯ ಹಕ್ಕಿಗಳು ಸರಿಯಾಗಿ ಕೇಳಿಸುವುದಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹೋಗುವವರು ಮಾಸಲು ಬಣ್ಣದ ಬಟ್ಟೆ ಹಾಕಿಕೊಳ್ಳಿ, ನೀರು ಒಯ್ಯಿರಿ, ಬರೆಯಲು ಪೆನ್ಸಿಲ್ ಇರಲಿ. ಇಬ್ಬನಿಗೆ ಶಾಯಿ ಹರಡುತ್ತದೆ. ಬರುವ ಜನವರಿಯ ಎಣಿಕೆಗೆ ಲಿಂಗಾಂಬುಧಿ ಕೆರೆಯ ಒಂದು ದಡವನ್ನು ನನಗೆ ವಹಿಸಿದ್ದಾರೆ. ಒಂದು ದಡಕ್ಕೆ ಇಬ್ಬರು ಬೇಕು, ಒಬ್ಬರು ಎಣಿಸಲು, ಒಬ್ಬರು ಬರೆಯಲು. ಬರೆಯಲು ನಾನಿದ್ದೇನೆ. ಎಣಿಸುವವರು ಇನ್ನೂ ಸಿಕ್ಕಿಲ್ಲ.