ಹೆರಿಗೆಯಾದ ತಕ್ಷಣ ಹಾಕುವ ಕಾಪರ್-ಟಿ: ದಾರ ಕಾಣುವ ತನಕ ಕಣ್ಣಿಟ್ಟಿರಿ

10 ವರ್ಷದ ಬಳಕೆಗೆ ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಅಂಕ ಮೊದಲ 6 ವಾರದ್ದು, ಆಗ ಅದು ಜಾರಿ ಬೀಳಬಹುದು.

ಕಾಪರ್-ಟಿ 380ಎ, ಅಂದರೆ ವಂಕಿ, ಗರ್ಭಕೋಶದೊಳಗೆ ಕೂತು ಬಸಿರು ತಡೆಯುವ, ತುದಿಗೆ ದಾರವಿರುವ ಪುಟ್ಟ ಸಾಧನ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸರಿಯಾಗಿ ಕೂತರೆ ಮಾತ್ರೆಯ ನೆನಪು, ಇಂಜೆಕ್ಷನ್ ತಾರೀಖು ಯಾವುದೂ ಬೇಡ. ಹಾರ್ಮೋನ್ ಇಲ್ಲದ್ದರಿಂದ ಎದೆಹಾಲು ಕಡಿಮೆಯಾಗುವುದಿಲ್ಲ. ತೆಗೆಸಿದ ಮುಂದಿನ ತಿಂಗಳೇ ಬಸಿರಾಗಬಹುದು.

ಮಾಸು ಬಿದ್ದ 10 ನಿಮಿಷದೊಳಗೆ ಹಾಕುವುದೇ ಉತ್ತಮ. ಸಿಸೇರಿಯನ್ ಆದರೆ ಗರ್ಭಕೋಶ ಹೊಲಿಯುವ ಮೊದಲು. ಅದೂ ತಪ್ಪಿದರೆ 48 ಗಂಟೆಯೊಳಗೆ. ಆಮೇಲೆ 6 ವಾರ ಕಾಯಲೇಬೇಕು. ನೀರು ಒಡೆದು 18 ಗಂಟೆ ದಾಟಿದ್ದರೆ, ಗರ್ಭಕೋಶದ ಸೋಂಕಿದ್ದರೆ, ರಕ್ತಸ್ರಾವ ಹತೋಟಿಗೆ ಬರದಿದ್ದರೆ ಹಾಕಬಾರದು. ಹೆರಿಗೆ ನೋವಿನ ನಡುವೆ ಒಪ್ಪಿಗೆ ಕೇಳುವುದು ಅನ್ಯಾಯ. ಬಸುರಿಯ ತಪಾಸಣೆಯಲ್ಲೇ ಮಾತಾಡಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ವಂಕಿ ಜಾರಿ ಬೀಳುವುದಕ್ಕೆ ದೊಡ್ಡ ಕಾರಣ ಹಾಕುವ ಕೈ. ಆಗಷ್ಟೇ ಹೆತ್ತ ಗರ್ಭಕೋಶ ದೊಡ್ಡದು, ಮುಂದಕ್ಕೆ ಬಾಗಿರುತ್ತದೆ. ವಂಕಿಯ ಪೊಟ್ಟಣದಲ್ಲಿ ಬರುವ ಕೊಳವೆ ಅದರ ಮೇಲಿನ ತುದಿ ಮುಟ್ಟುವುದಿಲ್ಲ. ಅದಕ್ಕೇ ಕೆಲ್ಲಿ ಫೋರ್ಸೆಪ್ಸ್ ಎಂಬ ಉದ್ದನೆಯ ಇಕ್ಕಳ ಬೇಕು. ಒಂದು ಕೈ ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ಮೇಲಕ್ಕೆ ತಳ್ಳಿ ನೇರ ಮಾಡಬೇಕು, ಇನ್ನೊಂದು ಕೈ ವಂಕಿಯನ್ನು ಗರ್ಭಕೋಶದ ನೆತ್ತಿಯವರೆಗೆ ಒಯ್ಯಬೇಕು. ಅಲ್ಲಿ ಫೋರ್ಸೆಪ್ಸ್ ಬಿಚ್ಚಿ, ಪಕ್ಕಕ್ಕೆ ಸರಿಸಿ, ಅದರ ಬಾಯಿ ಸ್ವಲ್ಪ ತೆರೆದೇ ಗರ್ಭಕೋಶದ ಗೋಡೆಗುಂಟ ಹೊರತೆಗೆಯಬೇಕು. ಬಾಯಿ ಮುಚ್ಚಿದರೆ ದಾರ ಸಿಕ್ಕಿ ವಂಕಿಯೂ ಕೆಳಗಿಳಿಯುತ್ತದೆ.

ಹಾಕಿದ ದಿನ ದಾರ ಕಾಣದಿದ್ದರೆ ಗಾಬರಿ ಬೇಡ. ಗರ್ಭಕೋಶ ಕುಗ್ಗಿದಂತೆ ದಾರ ತಾನೇ ಇಳಿಯುತ್ತದೆ. ಉದ್ದವಾದರೆ 6ನೇ ವಾರದ ತಪಾಸಣೆಯಲ್ಲಿ ಕತ್ತರಿಸುತ್ತಾರೆ. ಆಗಲೂ ಕಾಣದಿದ್ದರೆ ಸ್ಕ್ಯಾನ್ ಮಾಡಿಸಿ. ಸಿಸೇರಿಯನ್ ಆದವರಲ್ಲಿ ದಾರ ಮೇಲೇ ಸುರುಳಿಯಾಗಿರುವುದು ಮಾಮೂಲು. ಬಾಣಂತನದ ಸ್ರಾವದಲ್ಲಿ ವಂಕಿ ಬಿದ್ದುಹೋದದ್ದು ಗೊತ್ತಾಗದೇ ಇರಬಹುದು, ಮುಂದಿನ ಬಸಿರೇ ಸುದ್ದಿ ಹೇಳುತ್ತದೆ. ಆದ್ದರಿಂದ ಸ್ಕ್ಯಾನಿನಲ್ಲಿ ಒಳಗಿದೆ ಎಂದು ಖಾತ್ರಿಯಾಗುವವರೆಗೆ ಕಾಂಡೋಮ್ ಬಳಸಿ.

ಮುಟ್ಟು ಶುರುವಾದ ಮೇಲೆ ಮೊದಲ 3ರಿಂದ 6 ತಿಂಗಳು ಹೆಚ್ಚು ಹೋಗಬಹುದು, ಕಿಬ್ಬೊಟ್ಟೆ ಹಿಂಡಬಹುದು. ಆಮೇಲೆ ಬಹಳ ಜನಕ್ಕೆ ತಗ್ಗುತ್ತದೆ. ರಕ್ತ ಮೊದಲೇ ಕಡಿಮೆ ಇದ್ದವರು ಹಿಮೋಗ್ಲೋಬಿನ್ ನೋಡಿಸಿಕೊಂಡು ಕಬ್ಬಿಣದ ಮಾತ್ರೆ ಬಿಡದೆ ತೆಗೆದುಕೊಳ್ಳಲಿ. ಜ್ವರ, ವಾಸನೆಯ ಸ್ರಾವ, ಸಹಿಸಲಾಗದ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಲೈಂಗಿಕ ರೋಗಗಳನ್ನು ಇದು ತಡೆಯುವುದಿಲ್ಲ.

ಹಾಕಿದ ತಾರೀಖು, ತೆಗೆಸುವ ವರ್ಷ ಎರಡನ್ನೂ ಫೋನಿನಲ್ಲಿ ಫೋಟೋ ತೆಗೆದಿಡಿ. 10 ವರ್ಷದಲ್ಲಿ ತಾಯಿ ಕಾರ್ಡ್ ಎಲ್ಲಿಟ್ಟಿರೋ ನೆನಪಿರುವುದಿಲ್ಲ.