ಸುವೊನ್‌ನ ಬಾಡಿಗೆ ಕೋಣೆಗೆ ಕೊಂಡ ಸ್ಟ್ಯಾಂಡ್ ಫ್ಯಾನ್

ದಕ್ಷಿಣ ಕೊರಿಯಾದ ಸುವೊನ್ ನಗರಕ್ಕೆ ಕೆಲಸದ ಮೇಲೆ ಬಂದ ಮೊದಲ ಜುಲೈ ತಿಂಗಳಲ್ಲೇ ಸುಮಾರು 50 ಸಾವಿರ ವೊನ್ ಕೊಟ್ಟು ಈ ಫ್ಯಾನನ್ನು ಕೊಂಡೆ. ರೆಕ್ಕೆಯ ಅಳತೆ 35 ಸೆಂ.ಮೀ., ವೇಗ ಮೂರು ಬಗೆ. ಮೂರು ಬೇಸಿಗೆ ಕಳೆದರೂ ಗಾಳಿ ಕುಂದಿಲ್ಲ, ಜಾಲರಿ ಬಿಚ್ಚಿ ತೊಳೆಯುವುದೂ ಸುಲಭ.

ನಾನು ವಿವರವಾಗಿ ಹೇಳಬೇಕಿರುವುದು ಅದರ ಟೈಮರ್ ವಿಷಯ. ಬಲಕ್ಕೆ ತಿರುಗಿಸಿದರೆ 120 ನಿಮಿಷದವರೆಗೆ ಗುರುತುಗಳಿವೆ, ಎಡಕ್ಕೆ ತಿರುಗಿಸಿದರೆ ‘ಯೊನ್‌ಸೊಕ್’, ಅಂದರೆ ನಿರಂತರ. ಫ್ಯಾನ್ ತಂದ ಸಂಜೆಯೇ ಮನೆಯ ಒಡತಿ, ಎಪ್ಪತ್ತು ದಾಟಿದ ಅಜ್ಜಿ, ಒಳಗೆ ಬಂದು ತಾವೇ ಅದನ್ನು 60ಕ್ಕೆ ತಿರುಗಿಸಿ, ಕಿಟಕಿಯನ್ನು ಒಂದು ಗೇಣು ತೆರೆದು, “ಬಾಗಿಲು ಕಿಟಕಿ ಮುಚ್ಚಿ ಇದನ್ನು ಹಾಕಿಕೊಂಡು ಮಲಗಿದರೆ ಜೀವ ಹೋಗುತ್ತದೆ, ಮಗು” ಎಂದರು. ಅವರ ಕಣ್ಣಿನಲ್ಲಿದ್ದದ್ದು ನಿಜವಾದ ಕಳವಳ.

ಈ ನಂಬಿಕೆ ಅವರೊಬ್ಬರದಲ್ಲ. ‘ಸೊನ್‌ಪುಂಗಿ’, ಅಂದರೆ ವಿದ್ಯುತ್ ಫ್ಯಾನ್, ಹಾನಿಕರವೆಂಬ ಸುದ್ದಿ ಅಲ್ಲಿನ ಪತ್ರಿಕೆಯಲ್ಲಿ 1927ರಷ್ಟು ಹಿಂದೆಯೇ ಬಂದಿತ್ತು. 2006ರಲ್ಲಿ ಸರ್ಕಾರದ ಗ್ರಾಹಕ ಸಂರಕ್ಷಣಾ ಮಂಡಳಿಯೇ ಬೇಸಿಗೆಯ ಅಪಾಯಗಳ ಪಟ್ಟಿಯಲ್ಲಿ ಫ್ಯಾನ್ ಮತ್ತು ಏಸಿಯಿಂದಾಗುವ ಉಸಿರುಕಟ್ಟುವಿಕೆಯನ್ನು ಸೇರಿಸಿ, 2003ರಿಂದ 2005ರವರೆಗೆ ಅಂಥ 20 ಪ್ರಕರಣಗಳು ವರದಿಯಾಗಿವೆ ಎಂದು ಎಚ್ಚರಿಸಿತ್ತು. ಸರ್ಕಾರದ ಬಾಯಿಂದಲೇ ಇಂಥ ಮಾತು ಬಂದ ಮೇಲೆ ಅಜ್ಜಿ ನಂಬಿದ್ದರಲ್ಲಿ ತಪ್ಪೇನಿದೆ?

ಆದರೆ ಫ್ಯಾನ್ ಆಮ್ಲಜನಕವನ್ನು ಹೀರುವುದಿಲ್ಲ, ಕೋಣೆಯನ್ನು ತಣ್ಣಗಾಗಿಸುವುದೂ ಇಲ್ಲ. ಇದ್ದ ಗಾಳಿಯನ್ನೇ ಓಡಾಡಿಸಿ, ಮೈಮೇಲಿನ ಬೆವರು ಬೇಗ ಆರುವಂತೆ ಮಾಡುತ್ತದೆ, ಅಷ್ಟೆ. ದೇಹ ಅಪಾಯಕಾರಿಯಾಗಿ ತಣ್ಣಗಾಯಿತೆನ್ನಲು ಅದರ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯಬೇಕು. ಸೆಕೆಯ ರಾತ್ರಿಯಲ್ಲಿ ಫ್ಯಾನಿನ ಗಾಳಿಯೊಂದರಿಂದ ಅದು ಆಗುವ ಮಾತಲ್ಲ. ಹೃದ್ರೋಗದಿಂದಲೋ ಬಿಸಿಲಿನ ಝಳದಿಂದಲೋ ಬೇಸಿಗೆಯ ರಾತ್ರಿ ತೀರಿಕೊಂಡವರ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿರುವುದು ಸಹಜವೇ. ಸಾವಿನ ಹೊಣೆ ಅದರ ಮೇಲೆ ಬಿದ್ದದ್ದು ಅನ್ಯಾಯ. ರಾಯಚೂರಿನ ನಮ್ಮ ಮನೆಯಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಫ್ಯಾನ್ ನಿಂತ ರಾತ್ರಿಯೆಂದರೆ ಕರೆಂಟ್ ಹೋದ ರಾತ್ರಿಯೇ.

ನನ್ನನ್ನು ಕಾಡುವುದು ಅಜ್ಜಿಯ ಸ್ಥಿತಿ. ರಾತ್ರಿಯ ಕನಿಷ್ಠ ಉಷ್ಣತೆ 25 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಕೊರಿಯಾದವರು ಅದನ್ನು ‘ಯೊಲ್ದೆಯಾ’, ಉಷ್ಣವಲಯದ ರಾತ್ರಿ, ಎನ್ನುತ್ತಾರೆ. ಅಂಥ ರಾತ್ರಿ ಟೈಮರಿನ 60 ನಿಮಿಷ ಮುಗಿದು ಫ್ಯಾನ್ ನಿಂತರೆ, ಸೆಕೆ ತಾಳಲಾರದ ವಯಸ್ಸಿನವರಿಗೆ ನಿಜವಾದ ಅಪಾಯ ಆಗಲೇ ಶುರುವಾಗುತ್ತದೆ.

ಟೈಮರಿನಲ್ಲಿ ಎರಡು ಕೊರತೆಗಳಿವೆ: ಕತ್ತಲೆಯಲ್ಲಿ ಗುರುತುಗಳು ಕಾಣುವುದಿಲ್ಲ, ಸಮಯ ಇಳಿಯುತ್ತಿರುವಾಗ ಟಿಕ್‌ಟಿಕ್ ಸದ್ದು ತಲೆದಿಂಬಿನವರೆಗೂ ಕೇಳುತ್ತದೆ. ಯೊನ್‌ಸೊಕ್‌ನಲ್ಲಿ ಈ ಸದ್ದಿಲ್ಲ. ಕೊಳ್ಳುವವರು ಅಂಗಡಿಯಲ್ಲೇ ಆ ಗುರುತು ಇದೆಯೇ ಎಂದು ತಿರುಗಿಸಿ ನೋಡಿ ತೆಗೆದುಕೊಳ್ಳಲಿ. ಕಳೆದ ಆಗಸ್ಟಿನಲ್ಲಿ ಅಜ್ಜಿಗೂ ಇಂಥದ್ದೇ ಒಂದನ್ನು ತಂದುಕೊಟ್ಟೆ. ಅವರು ಈಗ 120ಕ್ಕೆ ತಿರುಗಿಸುತ್ತಾರೆ. ಕಿಟಕಿ ಮಾತ್ರ ಗೇಣು ತೆರೆದೇ ಇರುತ್ತದೆ.