ಹಳೇ ಸರ್ವರ್ ಕೊಳ್ಳುವವರಿಗೆ: ಡೆಲ್ ಪವರ್‌ಎಡ್ಜ್ ಒಳಗೇ ಇರುವ ತಪಾಸಣೆ ಎಷ್ಟು ನಂಬಬಹುದು?

ಹುಬ್ಬಳ್ಳಿಯಲ್ಲಿ ನನ್ನ ಕಸುಬು ಸರ್ವರ್ ಹೊಂದಿಸಿಕೊಡುವುದು, ಆಮೇಲೆ ಅದನ್ನು ನೋಡಿಕೊಳ್ಳುವುದು. ಗಿರಾಕಿಗಳೆಂದರೆ ಪತ್ತಿನ ಸಹಕಾರ ಸಂಘಗಳು, ರಕ್ತ ತಪಾಸಣೆಯ ಲ್ಯಾಬುಗಳು, ಕೆಲವು ಶಾಲೆಗಳು. ಹೊಸ ಸರ್ವರಿಗೆ ದುಡ್ಡು ಹಾಕುವ ಶಕ್ತಿ ಇವರಲ್ಲಿ ಬಹಳ ಮಂದಿಗೆ ಇಲ್ಲ. ಹಾಗಾಗಿ ದೊಡ್ಡ ಕಂಪನಿಗಳು ಬಳಸಿ ಹೊರಹಾಕಿದ ಯಂತ್ರಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿಕೊಡುತ್ತೇನೆ. ಹೆಚ್ಚಾಗಿ ಬರುವುದು ಡೆಲ್ ಪವರ್‌ಎಡ್ಜ್ ಆರ್730. 2014ರ ಮಾದರಿ, ಎರಡು ಕ್ಸಿಯಾನ್ ಪ್ರೊಸೆಸರ್ ಕೂರುತ್ತವೆ, ಡಿಡಿಆರ್4 ಮೆಮೊರಿಗೆ 24 ಸ್ಲಾಟ್. ಒಂದು ಸೊಸೈಟಿಯ ಲೆಕ್ಕಪತ್ರಕ್ಕೆ ಇಂದಿಗೂ ಧಾರಾಳವಾಗಿ ಸಾಕು.

ಈ ಬರಹ ಯಂತ್ರದ ಬಗ್ಗೆ ಅಲ್ಲ, ಅದರ ಹೊಟ್ಟೆಯೊಳಗೆ ತಯಾರಕರೇ ಇಟ್ಟು ಕಳಿಸಿರುವ ಹಾರ್ಡ್‌ವೇರ್ ತಪಾಸಣೆಯ ಬಗ್ಗೆ. ಇದಕ್ಕೆ ಪೆನ್‌ಡ್ರೈವ್ ಬೇಡ, ವಿಂಡೋಸೋ ಲಿನಕ್ಸೋ ಹಾಕಿರಬೇಕಿಲ್ಲ, ವಾರಂಟಿ ಮುಗಿದಿದ್ದರೂ ಅಡ್ಡಿಯಿಲ್ಲ, ಪೈಸೆ ಖರ್ಚಿಲ್ಲ. ಆದರೂ ಹಳೇ ಸರ್ವರ್ ಕೊಳ್ಳುವ ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ. ಪವರ್ ಕೊಟ್ಟರು, ಫ್ಯಾನ್ ಗುಂಯ್ ಎಂದಿತು, ಪರದೆಯಲ್ಲಿ ಡೆಲ್ ಎಂದು ಬಂತು, ದುಡ್ಡು ಎಣಿಸಿದರು. ಎತ್ತಿನ ಸಂತೆಗೆ ಹೋದವನು ಹಲ್ಲು ನೋಡದೆ ವ್ಯಾಪಾರ ಮುಗಿಸುವುದಿಲ್ಲ. ಇಲ್ಲೂ ಅಷ್ಟೇ ಎಚ್ಚರ ಬೇಕು.

ನನ್ನ ತೀರ್ಪು ಮೊದಲೇ ಹೇಳುತ್ತೇನೆ. ಈ ತಪಾಸಣೆ ‘ಕೆಟ್ಟಿದೆ’ ಎಂದರೆ ಆ ಮಾತನ್ನು ಗಟ್ಟಿಯಾಗಿ ಹಿಡಿಯಿರಿ. ‘ಸರಿಯಿದೆ’ ಎಂದರೆ ಅರ್ಧ ಮಾತ್ರ ನಂಬಿ. ಅಷ್ಟನ್ನು ತಿಳಿದು ಬಳಸಿದರೆ ಐದಕ್ಕೆ ನಾಲ್ಕು ಅಂಕ ಧೈರ್ಯವಾಗಿ ಕೊಡಬಹುದು.

ಶುರು ಮಾಡುವುದು ಹೀಗೆ. ಯಂತ್ರಕ್ಕೆ ವಿಜಿಎ ಮಾನಿಟರ್ ಬೇಕು. ಆರ್730ಯಲ್ಲಿ ಎಚ್‌ಡಿಎಂಐ ಇಲ್ಲ, ವಿಜಿಎ ಮುಂದೊಂದು ಹಿಂದೊಂದು ಇದೆ. ಪವರ್ ಒತ್ತಿದ ಮೇಲೆ ಸ್ವಲ್ಪ ಹೊತ್ತು ಫ್ಯಾನುಗಳು ಪೂರ್ತಿ ವೇಗದಲ್ಲಿ ಅಬ್ಬರಿಸುತ್ತವೆ, ಗಾಬರಿ ಬೇಡ. ಮೆಮೊರಿ ಜಾಸ್ತಿ ಇದ್ದಷ್ಟೂ ಪರದೆ ಮೂಡಲು ತಡ. ಆಮೇಲೆ ಮೇಲ್ಗಡೆ ನಾಲ್ಕು ಕೀಲಿಗಳ ಹೆಸರು ಕಾಣುತ್ತದೆ: ಎಫ್2 ಸೆಟಪ್‌ಗೆ, ಎಫ್10 ಲೈಫ್‌ಸೈಕಲ್ ಕಂಟ್ರೋಲರ್‌ಗೆ (ಯಂತ್ರವನ್ನು ನೋಡಿಕೊಳ್ಳಲು ಡೆಲ್ ಒಳಗೇ ಇಟ್ಟಿರುವ ಸಾಫ್ಟ್‌ವೇರ್), ಎಫ್11 ಬೂಟ್ ಮ್ಯಾನೇಜರ್‌ಗೆ, ಎಫ್12 ನೆಟ್‌ವರ್ಕ್‌ನಿಂದ ಬೂಟ್ ಮಾಡಲು. ಎಫ್10 ಒತ್ತಿ, ಎಡಗಡೆಯ ಪಟ್ಟಿಯಲ್ಲಿ ಹಾರ್ಡ್‌ವೇರ್ ಡಯಾಗ್ನೋಸ್ಟಿಕ್ಸ್ ಆರಿಸಿ, ರನ್ ಎನ್ನಿ. ಹಿಂದಿನ ಮಾಲೀಕರು ಲೈಫ್‌ಸೈಕಲ್ ಕಂಟ್ರೋಲರನ್ನು ಆಫ್ ಮಾಡಿಟ್ಟಿದ್ದರೆ ಎಫ್10 ಕೆಲಸ ಮಾಡುವುದಿಲ್ಲ. ಆಗ ಎಫ್11 ಒತ್ತಿ ಸಿಸ್ಟಮ್ ಯುಟಿಲಿಟೀಸ್ ಒಳಗಿಂದ ಡಯಾಗ್ನೋಸ್ಟಿಕ್ಸ್ ಶುರು ಮಾಡಬಹುದು.

ಯಂತ್ರ ಮತ್ತೊಮ್ಮೆ ಬೂಟ್ ಆಗಿ ತಪಾಸಣೆಯ ಪರದೆ ಬರುತ್ತದೆ. ನಿಮ್ಮನ್ನು ಏನೂ ಕೇಳದೆಯೇ ಚುಟುಕು ಪರೀಕ್ಷೆ ಶುರು: ಪ್ರೊಸೆಸರ್, ಮೆಮೊರಿ, ಫ್ಯಾನ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಒಂದೊಂದಾಗಿ. ಇದು ಬೇಗ ಮುಗಿಯುತ್ತದೆ, ಮತ್ತು ಬಹಳ ಜನ ಇಲ್ಲಿಗೇ ಸಮಾಧಾನಪಟ್ಟು ಎದ್ದುಬಿಡುತ್ತಾರೆ. ಏಳಬೇಡಿ. ಕಾನ್ಫಿಗರೇಶನ್ ಪುಟದಲ್ಲಿ ಥರೋ ಟೆಸ್ಟ್, ಅಂದರೆ ದೀರ್ಘ ಪರೀಕ್ಷೆ, ಎಂಬ ಚೌಕವಿದೆ, ಅದಕ್ಕೆ ಟಿಕ್ ಹಾಕಿ ಮತ್ತೆ ಓಡಿಸಿ. ಮೆಮೊರಿಯ ಉಳಿದ ಪರೀಕ್ಷೆಗಳನ್ನೂ ಮಾಡಲೇ ಎಂದು ಕೇಳಿದರೆ ಹೌದು ಎನ್ನಿ. ಅರ್ಧ ಗಂಟೆಯೋ ಹೆಚ್ಚೋ ಹಿಡಿಯುತ್ತದೆ ಎಂದು ಅದೇ ಎಚ್ಚರಿಸುತ್ತದೆ. 128 ಜಿಬಿ ತುಂಬಿದ ಯಂತ್ರದಲ್ಲಿ ‘ಹೆಚ್ಚೋ’ ಎನ್ನುವುದನ್ನೇ ನಂಬಿ ಊಟಕ್ಕೆ ಹೋಗಿಬನ್ನಿ. ಅಷ್ಟು ಹೊತ್ತೂ ಯುಪಿಎಸ್ ಮೇಲೆ ಇರಲಿ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ.

ಗಿರಾಕಿಯ ಬಳಿ ಈಗಾಗಲೇ ನಡೆಯುತ್ತಿರುವ ಸರ್ವರಿನಲ್ಲಿ ಮಾಡುವುದಾದರೆ ನೆನಪಿಡಿ, ತಪಾಸಣೆ ಓಡುವಾಗ ಬೇರೆ ಯಾವ ಕೆಲಸವೂ ನಡೆಯುವುದಿಲ್ಲ. ಸೊಸೈಟಿಗಳಲ್ಲಿ ಡೇ ಎಂಡ್, ಅಂದರೆ ಆ ದಿನದ ಲೆಕ್ಕ ಮುಚ್ಚುವ ಕೆಲಸ, ಮುಗಿದ ಮೇಲೆ, ಇಲ್ಲವೇ ಎರಡನೇ ಶನಿವಾರ ಮಾಡುವುದು ನನ್ನ ರೂಢಿ.

ಈಗ ಇದರ ನಿಜವಾದ ಬೆಲೆ ಎಲ್ಲಿದೆ ಎಂದು ಹೇಳುತ್ತೇನೆ. ಒಂದು ಆರ್730 ತರಿಸಿದ್ದೆ. ಅದರಲ್ಲಿ ಇದ್ದ ಮೆಮೊರಿ ಡೆಲ್‌ನದ್ದಲ್ಲ, ಅಂಗಡಿಯವರು ಬೇರೆ ಕಡೆಯ ಮೆಮೊರಿ ಕಡ್ಡಿಗಳನ್ನು ತುಂಬಿ ಕಳಿಸಿದ್ದರು. ಚುಟುಕು ಪರೀಕ್ಷೆ ಪಾಸು. ದೀರ್ಘ ಪರೀಕ್ಷೆಯಲ್ಲಿ ಕೆಂಪು ಸಾಲು ಬಂತು: 2000-0123, ಮೆಮೊರಿಯ ಇಂಟಿಗ್ರಿಟಿ ಪರೀಕ್ಷೆ ಫೇಲ್, ಜಾಗ ಬಿ4. ಇದನ್ನು ಓದುವುದು ಕಷ್ಟವಲ್ಲ. ಡೆಲ್‌ನಲ್ಲಿ ಎ ಎಂದರೆ ಮೊದಲ ಪ್ರೊಸೆಸರಿನ ಪಕ್ಕದ ಸ್ಲಾಟುಗಳು, ಬಿ ಎಂದರೆ ಎರಡನೆಯದರವು. ಮದರ್‌ಬೋರ್ಡಿನ ಮೇಲೂ ಅದೇ ಅಕ್ಷರ, ಅದೇ ಅಂಕಿ ಅಚ್ಚಾಗಿದೆ.

ಇಲ್ಲಿ ಅವಸರ ಮಾಡಬಾರದು. ಬಿ4 ಫೇಲ್ ಎಂದ ಮಾತ್ರಕ್ಕೆ ಅಲ್ಲಿರುವ ಕಡ್ಡಿಯೇ ಕೆಟ್ಟಿದೆ ಎಂದು ತೀರ್ಮಾನಿಸಲಾಗದು. ಸ್ಲಾಟ್ ಕೆಟ್ಟಿರಬಹುದು, ಪ್ರೊಸೆಸರ್ ಸಾಕೆಟ್ಟಿನಲ್ಲಿ ಪಿನ್ ಬಾಗಿರಬಹುದು. ಪವರ್ ಕಾರ್ಡ್ ಎರಡನ್ನೂ ಕಿತ್ತು, ಬಿ4ರ ಕಡ್ಡಿಯನ್ನೂ ಬಿ1ರ ಕಡ್ಡಿಯನ್ನೂ ಅದಲುಬದಲು ಮಾಡಿ ಮತ್ತೆ ದೀರ್ಘ ಪರೀಕ್ಷೆ ಓಡಿಸಿದೆ. ಈ ಸಲ ಅದೇ ಕೋಡ್ ಬಿ1ರ ಮೇಲೆ ಬಂತು. ದೋಷ ಕಡ್ಡಿಯ ಜೊತೆಗೇ ಹೋಯಿತು, ಅಂದರೆ ಬೋರ್ಡಿಗೆ ಏನೂ ಆಗಿಲ್ಲ. ಬಿ4ರಲ್ಲೇ ಉಳಿದಿದ್ದರೆ ಇಡೀ ಯಂತ್ರವನ್ನು ವಾಪಸು ಕಳಿಸಬೇಕಿತ್ತು.

ಎರಡೂ ಪರದೆಗಳ ಫೋಟೋ ಅಂಗಡಿಗೆ ಕಳಿಸಿದೆ. ಕೆಳಗಡೆ ಏಳು ಅಕ್ಷರದ ಸರ್ವಿಸ್ ಟ್ಯಾಗ್, ಅಂದರೆ ಡೆಲ್ ಪ್ರತಿ ಯಂತ್ರಕ್ಕೂ ಕೊಡುವ ಗುರುತು, ಕಾಣುವಂತೆ ತೆಗೆದಿದ್ದೆ. ಅತ್ತ ಕಡೆಯಿಂದ ಫೋನ್: “ಕೋಡ್ ಬಂದಿದ್ಯಲ್ಲಾ ಮೇಡಂ, ಇನ್ನೇನ್ ಮಾತು? ಬೇರೆ ಕಡ್ಡಿ ಇವತ್ತೇ ಕೊರಿಯರ್ ಹಾಕ್ತೀನಿ.” ‘ಸರ್ವರ್ ಆಗಾಗ ನೀಲಿ ಪರದೆ ತೋರಿಸ್ತದ್ರಿ’ ಎಂದು ದೂರು ಹೇಳಿದ್ದರೆ ವಿಂಡೋಸ್ ಮತ್ತೆ ಹಾಕಿ ನೋಡಿ, ಡ್ರೈವರ್ ಹಾಕಿ ನೋಡಿ ಎಂದು ವಾರವೇ ಕಳೆಯುತ್ತಿತ್ತು. ಕೋಡ್ ಇದ್ದರೆ ವಾದಕ್ಕೆ ಜಾಗವಿಲ್ಲ. ಮಾರುವವನಿಗೂ ಕೊಳ್ಳುವವಳಿಗೂ ಸಂಬಂಧವಿಲ್ಲದ ಮೂರನೆಯ ಸಾಕ್ಷಿ ಅದು. ನಾನು ಈ ಸವಲತ್ತನ್ನು ಮೆಚ್ಚುವುದು ಮುಖ್ಯವಾಗಿ ಇದಕ್ಕೇ.

ಇನ್ನು ಆ ‘ಅರ್ಧ ಮಾತ್ರ ನಂಬಿ’ ಎಂದ ಭಾಗ. ಸರ್ವರ್ ಮೆಮೊರಿ ಇಸಿಸಿ ಜಾತಿಯದು. ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿ ಸರಿಯಾದ ಮಾಹಿತಿಯನ್ನೇ ಮೇಲಕ್ಕೆ ಕೊಡುತ್ತದೆ. ಮೆಮೊರಿಗೆ ಬರೆದದ್ದನ್ನು ಮತ್ತೆ ಓದಿ ಹೋಲಿಸುವ ಪರೀಕ್ಷೆಗೆ ಈ ತಿದ್ದುಪಡಿ ಕಾಣದೇ ಹೋಗಬಹುದು. ಓದಿದ್ದು ಸರಿಯಾಗಿಯೇ ಇರುತ್ತದಲ್ಲ. ಆದರೆ ದಿನಕ್ಕೆ ಹತ್ತು ಸಲ ತಿದ್ದಿಸಿಕೊಳ್ಳುವ ಕಡ್ಡಿ ಮುಂದೊಂದು ದಿನ ಎರಡು ಬಿಟ್ ಒಟ್ಟಿಗೆ ತಪ್ಪಿ ಯಂತ್ರವನ್ನೇ ನಿಲ್ಲಿಸಬಹುದು. ಈ ತಿದ್ದುಪಡಿಗಳ ಲೆಕ್ಕ ಸಿಗುವುದು ಐಡ್ರ್ಯಾಕ್‌ನ (ಸರ್ವರಿನ ಮೇಲೆ ಕಣ್ಣಿಟ್ಟು ದೂರದಿಂದಲೂ ನಿಭಾಯಿಸಲು ಅದರೊಳಗೇ ಇರುವ ಪುಟ್ಟ ಪ್ರತ್ಯೇಕ ಕಂಪ್ಯೂಟರ್) ಸಿಸ್ಟಮ್ ಈವೆಂಟ್ ಲಾಗ್‌ನಲ್ಲಿ. ಅಲ್ಲಿ ಮೆಮ್0702 ಎಂಬ ಗುರುತಿನ ಸಾಲು ಇದ್ದರೆ, ತಿದ್ದಬಹುದಾದ ತಪ್ಪುಗಳ ಪ್ರಮಾಣ ಮಿತಿ ಮೀರಿದೆ ಎಂದರ್ಥ. ಯಾವ ಸ್ಲಾಟ್ ಎಂದೂ ಬರೆದಿರುತ್ತದೆ. ಮೆಮ್0001 ಇದ್ದರೆ ತಿದ್ದಲಾಗದ ತಪ್ಪು ಆಗಿಯೇ ಹೋಗಿದೆ.

ತಪಾಸಣೆಯ ಪರದೆಯಲ್ಲೂ ಈವೆಂಟ್ ಲಾಗ್ ಎಂಬ ಪುಟವಿದೆ, ಅದನ್ನು ನೋಡಿ ಲಾಗ್ ನೋಡಿಯಾಯಿತು ಎಂದುಕೊಳ್ಳಬೇಡಿ. ಅದು ಈ ಪರೀಕ್ಷೆಗಳು ಯಾವಾಗ ಓಡಿದವು, ಏನಾಯಿತು ಎನ್ನುವ ದಾಖಲೆ ಮಾತ್ರ. ಯಂತ್ರದ ಹಳೆಯ ಬದುಕು ಇರುವುದು ಐಡ್ರ್ಯಾಕ್‌ನಲ್ಲಿ. ಒಂದೇ ಹೆಸರು ಎರಡು ಕಡೆ ಇಟ್ಟಿರುವುದು ನನಗೆ ಸರಿ ಕಾಣುವುದಿಲ್ಲ. ಕಳೆದ ಒಂದು ಅಂಕದಲ್ಲಿ ಇದರ ಪಾಲೂ ಇದೆ.

ಆ ಲಾಗ್ ಓದುವುದು ನನಗೆ ಬಹಳ ಇಷ್ಟದ ಕೆಲಸ. ಪಿಎಸ್‌ಯು0003 ಎಂಬ ಸಾಲು ಬಂದಲ್ಲೆಲ್ಲ ಆ ಪವರ್ ಸಪ್ಲೈಗೆ ಕರೆಂಟ್ ತಪ್ಪಿದೆ. ನಮ್ಮ ಒಂದು ಸೊಸೈಟಿಯ ಲಾಗ್‌ನಲ್ಲಿ ಆ ಸಾಲು ಒಂದೇ ಪವರ್ ಸಪ್ಲೈ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಊರಿಗೆಲ್ಲ ಕರೆಂಟ್ ಹೋಗಿದ್ದರೆ ಎರಡಕ್ಕೂ ಬರಬೇಕಿತ್ತು. ಹಿಂದೆ ಹೋಗಿ ನೋಡಿದರೆ ಒಂದು ಕಾರ್ಡ್ ಯುಪಿಎಸ್‌ಗೆ, ಇನ್ನೊಂದು ನೇರ ಗೋಡೆಯ ಸಾಕೆಟ್ಟಿಗೆ. ಒಂದು ಪ್ಲಗ್ ಬದಲಿಸಿದ್ದಕ್ಕೆ ಸಮಸ್ಯೆ ಮುಗಿಯಿತು. ಹಳೇ ಯಂತ್ರ ಕೊಳ್ಳುವಾಗ ಲಾಗ್ ಪೂರ್ತಿ ಖಾಲಿಯಿದ್ದರೆ ‘ಎಷ್ಟು ಚೆನ್ನಾಗಿಟ್ಟಿದ್ದಾರೆ’ ಎಂದು ಸಂತೋಷಪಡಬೇಡಿ. ವರ್ಷಗಟ್ಟಲೆ ದುಡಿದ ಸರ್ವರಿನ ಲಾಗ್ ಖಾಲಿ ಇದೆ ಎಂದರೆ ಯಾರೋ ಒರೆಸಿದ್ದಾರೆ. ಒರೆಸುವುದು ಕೆಟ್ಟ ಉದ್ದೇಶದಿಂದಲೇ ಇರಬೇಕೆಂದಿಲ್ಲ, ಮಾರುವ ಮುನ್ನ ಹಳೆಯದೆಲ್ಲ ಅಳಿಸುವುದು ರೂಢಿ. ಆದರೆ ನಿಮ್ಮ ಕೈಗೆ ಸಿಗಬೇಕಾದ ಚರಿತ್ರೆ ಹೋಯಿತು, ಆದ್ದರಿಂದ ಪರೀಕ್ಷೆ ಇನ್ನೂ ಗಟ್ಟಿಯಾಗಿ ಮಾಡಬೇಕು.

ಡಿಸ್ಕಿನ ವಿಷಯದಲ್ಲಿ ಈ ತಪಾಸಣೆ ಇನ್ನಷ್ಟು ದುರ್ಬಲ. 2000-0142 ಬಂದರೆ ಡಿಸ್ಕ್ ತನ್ನದೇ ಸ್ವಯಂ ಪರೀಕ್ಷೆಯಲ್ಲಿ ಫೇಲ್ ಆಗಿದೆ, ತಕ್ಷಣ ಬದಲಿಸಿ. ಪಾಸಾದರೆ ಅದರ ವಯಸ್ಸಿನ ಬಗ್ಗೆ ನಿಮಗೇನೂ ತಿಳಿದಂತಾಗಲಿಲ್ಲ. ನಾನು ಲಿನಕ್ಸ್‌ನ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಂಡ ದಾಖಲೆ ಓದುವ ಸ್ಮಾರ್ಟ್‌ಸಿಟಿಎಲ್ ಓಡಿಸುತ್ತೇನೆ. ಹಲವು ಡಿಸ್ಕುಗಳನ್ನು ಒಟ್ಟುಗೂಡಿಸಿ ನಡೆಸುವ ರೇಡ್ ಕಾರ್ಡಿನ ಹಿಂದಿರುವ ಡಿಸ್ಕುಗಳನ್ನು ಕಾಣಲು ಅದಕ್ಕೆ ಮೆಗಾರೇಡ್ ಎಂಬ ಆಯ್ಕೆ ಕೊಡಬೇಕು. ಎಷ್ಟು ಗಂಟೆ ಓಡಿದೆ, ಎಷ್ಟು ದೋಷ ದಾಖಲಾಗಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. 35 ಸಾವಿರ ಗಂಟೆ ಎಂದರೆ ನಾಲ್ಕು ವರ್ಷ ಹಗಲುರಾತ್ರಿ ತಿರುಗಿದೆ ಎಂದು ಲೆಕ್ಕ. ಅಂಥ ಡಿಸ್ಕಿನ ಮೇಲೆ ಜನರ ಠೇವಣಿ ಲೆಕ್ಕ ಇಡಲು ನನಗೆ ಮನಸ್ಸಾಗುವುದಿಲ್ಲ. ಯಂತ್ರ ಹಳೆಯದು, ಡಿಸ್ಕ್ ಹೊಸದು, ಇದು ನನ್ನ ಅಂಗಡಿಯ ನಿಯಮ.

ಪವರ್ ಸಪ್ಲೈಗೆ ಕೈಯಾರೆ ಮಾಡುವ ಪರೀಕ್ಷೆಯೇ ವಾಸಿ. ಯಂತ್ರ ನಡೆಯುತ್ತಿರುವಾಗ ಒಂದು ಕಾರ್ಡ್ ಕಿತ್ತು ಸ್ವಲ್ಪ ಹೊತ್ತು ಬಿಡಿ, ಅದನ್ನು ಹಾಕಿ ಇನ್ನೊಂದನ್ನು ಕೀಳಿ. ಯಂತ್ರ ಎರಡು ಸಲವೂ ನಿಲ್ಲದೆ ನಡೆದರೆ ಸರಿ. ಮೆಮೊರಿಗೆ ಕೂಡ ಒಳಗಿನ ದೀರ್ಘ ಪರೀಕ್ಷೆಯಾದ ಮೇಲೆ ಮೆಮ್‌ಟೆಸ್ಟ್86 ಪ್ಲಸ್ ಅನ್ನು ರಾತ್ರಿಯಿಡೀ ಬಿಡುತ್ತೇನೆ. ಉಚಿತ ಸಾಫ್ಟ್‌ವೇರ್, 2022ರ ಆರನೇ ಆವೃತ್ತಿಯಿಂದ ಹೊಸ ಬಗೆಯ ಬೂಟ್ ವ್ಯವಸ್ಥೆಯಾದ ಯುಇಎಫ್‌ಐನಲ್ಲೂ ಓಡುತ್ತದೆ. ಬಿಸಿಯಾದ ಮೇಲೆ ಮಾತ್ರ ತಪ್ಪುವ ಕಡ್ಡಿಗಳು ಅರ್ಧ ಗಂಟೆಗೆ ಸಿಕ್ಕಿಬೀಳುವುದಿಲ್ಲ.

ದೂರದಿಂದ ಓಡಿಸುವ ಸೌಲಭ್ಯವೂ ಇದೆ. ಐಡ್ರ್ಯಾಕ್‌ಗೆ ಕೊಡುವ ರ‍್ಯಾಕ್‌ಆಡ್ಮ್ ಆದೇಶದಿಂದ ಎಕ್ಸ್‌ಪ್ರೆಸ್ (ಚುಟುಕು), ಎಕ್ಸ್‌ಟೆಂಡೆಡ್ (ದೀರ್ಘ) ಅಥವಾ ಎರಡನ್ನೂ ಆರಿಸಿ, ಇಂಥ ಹೊತ್ತಿಗೆ ಶುರುವಾಗಲಿ ಎಂದು ಸಮಯ ಕೊಟ್ಟು, ಆಮೇಲೆ ಫಲಿತಾಂಶವನ್ನು ಫೈಲಾಗಿ ತರಿಸಿಕೊಳ್ಳಬಹುದು. ಆದರೆ ಆ ಪರದೆಯನ್ನು ಕಣ್ಣಾರೆ ನೋಡಲು ಐಡ್ರ್ಯಾಕ್‌ನ ವರ್ಚುವಲ್ ಕನ್ಸೋಲ್ ಬೇಕು, ಆರ್730ಯಲ್ಲಿ ಅದಕ್ಕೆ ಎಂಟರ್‌ಪ್ರೈಸ್ ಲೈಸೆನ್ಸ್ ಬೇಕು. ಗದಗಿಗೆ ಬಸ್ ಹತ್ತುವುದು ತಪ್ಪುವುದರಿಂದ ನನಗೆ ಇದು ಬಹಳ ದೊಡ್ಡ ಅನುಕೂಲ. ಕೊಳ್ಳುವಾಗ ಲೈಸೆನ್ಸ್ ಯಾವುದಿದೆ ಎಂದು ತಪ್ಪದೆ ಕೇಳಿ.

ಬೇರೆ ಕಂಪನಿಗಳಲ್ಲೂ ಇಂಥದ್ದಿದೆ. ಎಚ್‌ಪಿಇ ಪ್ರೊಲಯಂಟ್‌ನ ಇತ್ತೀಚಿನ ಪೀಳಿಗೆಗಳಲ್ಲಿ ಎಫ್9 ಒತ್ತಿ ಸಿಸ್ಟಮ್ ಯುಟಿಲಿಟೀಸ್ ಒಳಗೆ ಹುಡುಕಬೇಕು. ಹಳೆಯ ಐಬಿಎಂ ಸಿಸ್ಟಮ್ ಎಕ್ಸ್‌ನಲ್ಲಿ ಲೈಟ್ ಪಾತ್ ಎಂಬ ದೀಪಗಳ ಫಲಕ ಇತ್ತು. ಕೆಟ್ಟ ಭಾಗದ ಹೆಸರಿನ ಮುಂದೆ ದೀಪ ಹತ್ತುತ್ತಿತ್ತು, ಮಾನಿಟರೇ ಬೇಕಿರಲಿಲ್ಲ. ಕಣ್ಣಿಗೆ ಅಷ್ಟು ಸಲೀಸಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಮಾರುವವರಿಗೆ ತೋರಿಸಲು ಕೋಡ್, ಸ್ಲಾಟಿನ ಹೆಸರು, ಸರ್ವಿಸ್ ಟ್ಯಾಗ್ ಮೂರೂ ಒಂದೇ ಫೋಟೋದಲ್ಲಿ ಸಿಗುವುದು ಡೆಲ್‌ನಲ್ಲಿ.

ಬೆಂಗಳೂರಿನಿಂದ ತರಿಸುವವರು ಮುಂಗಡ ಕಳಿಸುವ ಮೊದಲೇ ಮೂರು ಚಿತ್ರ ಕೇಳಿ: ದೀರ್ಘ ಪರೀಕ್ಷೆ ಮುಗಿದ ಮೇಲಿನ ರಿಸಲ್ಟ್ಸ್ ಪುಟ, ಐಡ್ರ್ಯಾಕ್‌ನ ಸಿಸ್ಟಮ್ ಈವೆಂಟ್ ಲಾಗ್, ಲೈಸೆನ್ಸ್ ಪುಟ. ಮೂರರಲ್ಲೂ ಒಂದೇ ಸರ್ವಿಸ್ ಟ್ಯಾಗ್ ಕಾಣಬೇಕು ಎಂದು ಹೇಳಿ. ಪೆಟ್ಟಿಗೆ ಬಂದ ದಿನ ಅದೇ ಟ್ಯಾಗನ್ನು ಮುಂಭಾಗದಲ್ಲಿ ಹೊರಗೆಳೆಯುವ ಚೀಟಿಯ ಜೊತೆ ತಾಳೆ ನೋಡಿ, ದೀರ್ಘ ಪರೀಕ್ಷೆಯನ್ನು ನೀವೇ ಇನ್ನೊಮ್ಮೆ ಓಡಿಸಿ. ಕೊರಿಯರ್ ಗಾಡಿಯ ಕುಲುಕಾಟಕ್ಕೆ ಕಡ್ಡಿಗಳು ಸ್ಲಾಟಿನಲ್ಲಿ ಸಡಿಲಾಗುವುದುಂಟು. ಹಾಗಾಗಿ ಫೇಲ್ ಬಂದರೆ ಅಂಗಡಿಗೆ ಫೋನ್ ಮಾಡುವ ಮೊದಲು ಕಡ್ಡಿ ತೆಗೆದು, ಎರಡೂ ತುದಿಯ ಹಿಡಿಕೆ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ, ಮತ್ತೆ ಓಡಿಸಿ ನೋಡಿ.